ಮೊದಲ ಲೇಖನ ಜಕ್ಕೂರು ಕೆರೆಯಿಂದ

ಪ್ರಶ್ನೆ: ಯಲಹಂಕದ ಕಾಲೇಜೊಂದರಲ್ಲಿ ಎರಡನೇ ವರ್ಷದ ಬಿ.ಎಸ್ಸಿ. ಓದುತ್ತಿದ್ದೇನೆ. ಕನ್ನಡದಲ್ಲಿ ವಿಜ್ಞಾನ ಬರೆಯುವ ಆಸೆ. ಇಂಟರ್ನ್‌ಶಿಪ್ ಕೇಳಿದ ಕಡೆಯೆಲ್ಲ ‘ಏನಾದರೂ ಅನುಭವ ಇದೆಯಾ?’ ಅಂತಾರೆ. ಯಾರೂ ಬರೆಯೋಕೆ ಬಿಡದೆ ಅನುಭವ ಬರೋದು ಹೇಗೆ ಸರ್?
– ವಿದ್ಯಾರ್ಥಿನಿ, ಯಲಹಂಕ ಉಪನಗರ

ಉತ್ತರ: ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎಂಬ ಗಾದೆಯ ಹಾಗಿದೆ ನಿಮ್ಮ ಕಷ್ಟ. ಆದರೆ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಪ್ರಕಟವಾಗಲು ಬೇಕು, ಅದು ಆಮೇಲಿನ ಮಾತು.

ನಾನು ಶುರು ಮಾಡಿದ್ದು ಕಪ್ಪುರಂಧ್ರದಿಂದ. ಹಸ್ತಪ್ರತಿ ನೋಡಿದ ಸಂಪಾದಕರು, ‘ಇದನ್ನು ನೀವು ನೋಡಿಲ್ಲ, ಸರಿ. ಅದನ್ನು ಅಭ್ಯಾಸ ಮಾಡಿದವರನ್ನಾದರೂ ನೋಡಿದ್ದೀರಾ?’ ಎಂದು ಕೇಳಿ ವಾಪಸು ಕೊಟ್ಟರು. ನಾಲ್ಕು ಇಂಗ್ಲಿಷ್ ಲೇಖನ ಕಲಸಿ ಕನ್ನಡದಲ್ಲಿ ಒಂದು ಮಾಡಿದ್ದೆ, ಅಷ್ಟೇ. ಆ ತಪ್ಪು ನೀವು ಮಾಡಬೇಕಾಗಿಲ್ಲ. ನೋಡಲು ನಿಮಗೆ ಬೇಕಾದಷ್ಟಿದೆ.

ಹೆಬ್ಬಾಳದಿಂದ ಯಲಹಂಕಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವವರು ಎಷ್ಟು ಸಂಶೋಧನಾ ಸಂಸ್ಥೆಗಳನ್ನು ಹಾದು ಹೋಗುತ್ತಾರೆ ಎಂದು ಲೆಕ್ಕ ಹಾಕಿದ್ದೀರಾ? ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ, ಅದರ ಆವರಣದಲ್ಲೇ ಜೀವವಿಜ್ಞಾನದ ಎನ್‌ಸಿಬಿಎಸ್, ಜಕ್ಕೂರಿನಲ್ಲಿ 1989ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಯಲಹಂಕದಲ್ಲಿ ದನಕರುಗಳ ರೋಗ ಎಲ್ಲಿ, ಯಾವಾಗ ಹಬ್ಬಬಹುದೆಂದು ಮುನ್ಸೂಚನೆ ಕೊಡುವ ನಿವೇದಿ. ಇನ್ನು ಹೆಬ್ಬಾಳದ ಕೃಷಿ ಕೀಟ ಸಂಪನ್ಮೂಲ ಬ್ಯೂರೋ. ಇದರ ಒಂದು ಕಥೆ ಹೇಳಿಬಿಡುತ್ತೇನೆ. 2008ರಲ್ಲಿ ಕೊಯಮತ್ತೂರಿನ ಕಡೆ ಪಪ್ಪಾಯ ಗಿಡಗಳ ಮೇಲೆ ಹೊಸ ಹಿಟ್ಟು ತಿಗಣೆಯೊಂದು ಕಾಣಿಸಿಕೊಂಡಿತು. ಮೂಲ ಮೆಕ್ಸಿಕೊ ಕಡೆಯದು. ನೋಡನೋಡುತ್ತ ಹಿಪ್ಪುನೇರಳೆಗೂ ಹಬ್ಬಿ ರೇಷ್ಮೆ ಬೆಳೆಗಾರರ ನಿದ್ದೆ ಕೆಡಿಸಿತು. ಔಷಧಿ ಹೊಡೆಯೋಣವೆಂದರೆ ಆ ಸೊಪ್ಪನ್ನು ತಿನ್ನುವ ರೇಷ್ಮೆಹುಳುವೇ ಸಾಯುತ್ತದೆ. 2010ರಲ್ಲಿ ಹೆಬ್ಬಾಳದ ವಿಜ್ಞಾನಿಗಳು ಈ ತಿಗಣೆಯ ವೈರಿಯನ್ನೇ ಹೊರದೇಶದಿಂದ ತರಿಸಿದರು: ಮಿಲಿಮೀಟರಿಗಿಂತ ಚಿಕ್ಕ ಕಣಜ. ಅದು ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ, ಮರಿ ಒಳಗಿನಿಂದಲೇ ತಿಂದು ಹೊರಬರುತ್ತದೆ. ಕಣಜವನ್ನು ಸಾಕಿ ತೋಟಗಳಿಗೆ ಬಿಟ್ಟ ಮೇಲೆ ತಿಗಣೆ ಹತೋಟಿಗೆ ಬಂತು. ಹೆಬ್ಬಾಳ ಮೇಲ್ಸೇತುವೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ನಾವು ಬೈದುಕೊಳ್ಳುವ ಜಾಗದ ಪಕ್ಕದಲ್ಲೇ ಇದೆಲ್ಲ ನಡೆದದ್ದು.

ಆದರೂ ನಿಮ್ಮ ಮೊದಲ ಲೇಖನಕ್ಕೆ ಪ್ರಯೋಗಾಲಯ ಬೇಡ. ಜಕ್ಕೂರು ಕೆರೆಗೆ ಹೋಗಿ. ಆ ಕೆರೆಗೆ ಬರುವುದು ಮಳೆನೀರು ಮಾತ್ರವಲ್ಲ, ಪಕ್ಕದ ಘಟಕದಲ್ಲಿ ಶುದ್ಧ ಮಾಡಿದ ಕೊಳಚೆ ನೀರೂ ಹೌದು. ಆ ನೀರು ಜೊಂಡು ಬೆಳೆದ ಜೌಗಿನಲ್ಲಿ ಹಾದು ಕೆರೆಗೆ ಇಳಿಯುತ್ತದೆ. ಇದನ್ನು ನೀವು ಮೊದಲ ಸಲ ಹೀಗೆ ಬರೆಯುತ್ತೀರಿ, ನನಗೆ ಗೊತ್ತು: ‘ಸಂಸ್ಕರಿತ ತ್ಯಾಜ್ಯಜಲದಲ್ಲಿನ ಪೋಷಕಾಂಶಗಳ ನಿವಾರಣೆಯಲ್ಲಿ ಜೌಗು ಸಸ್ಯಗಳ ಪಾತ್ರ ಮಹತ್ತರವಾದುದು.’ ತಪ್ಪೇನಿಲ್ಲ, ಆದರೆ ಇದನ್ನು ಓದಿ ಯಾರೂ ಎರಡನೇ ಸಾಲಿಗೆ ಬರುವುದಿಲ್ಲ. ಹೀಗೆ ಬರೆದು ನೋಡಿ: ‘ನಮ್ಮ ಕಕ್ಕಸಿನಿಂದ ಹೋದ ಸಾರಜನಕದಲ್ಲಿ ಯಂತ್ರದ ಕೈಗೂ ಪೂರ್ತಿ ಸಿಗದೆ ಉಳಿದದ್ದು ಜೊಂಡಿಗೆ ಗೊಬ್ಬರ.’ ಬರೆದ ಕೂಡಲೇ ಪ್ರಶ್ನೆಗಳು ಏಳುತ್ತವೆ. ಜೊಂಡು ಕೊಳೆತರೆ ಹೀರಿದ್ದೆಲ್ಲ ಮತ್ತೆ ನೀರಿಗೇ ತಾನೇ? ಹಾಗಾದರೆ ಅದನ್ನು ಕೊಯ್ಯುವವರು ಯಾರು, ಎಷ್ಟು ದಿನಕ್ಕೊಮ್ಮೆ? ಕೆರೆಯಲ್ಲಿ ಹಿಡಿದ ಮೀನಿನ ಜೊತೆ ಎಷ್ಟು ಪೋಷಕಾಂಶ ಹೊರಗೆ ಹೋಗುತ್ತದೆ? ಸುತ್ತಲಿನ ಬಾವಿಗಳ ನೀರು ಏರಿದೆಯೇ? ಈ ಪ್ರಶ್ನೆಗಳು ಕೂತು ಓದಿದರೆ ಏಳುವುದಿಲ್ಲ, ನೀರಿನ ಪಕ್ಕ ನಿಂತು ಬರೆದಾಗಲೇ ಏಳುವುದು.

ಲೆಕ್ಕವನ್ನೂ ಅಲ್ಲೇ ಕಲಿಯಬಹುದು. ಕೊಳಚೆ ನೀರು ಶುದ್ಧ ಮಾಡುವ ಆ ಘಟಕದ ಮೊದಲಿನ ಸಾಮರ್ಥ್ಯ ದಿನಕ್ಕೆ 1 ಕೋಟಿ ಲೀಟರ್. ಓದುಗರಿಗೆ ಅದು ಬರೀ ಸೊನ್ನೆಗಳ ಸಾಲು. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬ ಸರ್ಕಾರಿ ಮಾನದಂಡ ಹಿಡಿದು ಭಾಗಿಸಿದರೆ ಸುಮಾರು 74 ಸಾವಿರ ಜನರ ನೀರು ಎನ್ನಬಹುದು. ಚೆನ್ನಾಗಿದೆ ಅನಿಸುತ್ತದೆ, ಅಲ್ಲವೇ? ಒಬ್ಬ ಎಂಜಿನಿಯರಿಗೆ ತೋರಿಸಿ, ತಕ್ಷಣ ತಡೆಯುತ್ತಾರೆ. ಬಳಸಿದ್ದರಲ್ಲಿ ಸುಮಾರು ಶೇ 80ರಷ್ಟೇ ಒಳಚರಂಡಿಗೆ ಬರುವುದೆಂದು ಅವರ ಲೆಕ್ಕ. ಅಂದರೆ ತಲೆಗೆ 108 ಲೀಟರ್, ಜನ 92 ಸಾವಿರಕ್ಕೂ ಹೆಚ್ಚು. ತಿಳಿದವರೊಬ್ಬರಿಗೆ ತೋರಿಸದೆ ಬರಹವನ್ನು ಕಳಿಸಬಾರದು ಅನ್ನುವುದು ಇದಕ್ಕೇ. ತೋರಿಸುವುದೆಂದರೆ ತಿದ್ದುಪಡಿ ಕೇಳುವುದು, ಒಪ್ಪಿಗೆ ಕೇಳುವುದಲ್ಲ. ನಿಮ್ಮ ವಾಕ್ಯಗಳನ್ನು ವಿಜ್ಞಾನಿಗಳು ತಮ್ಮ ಪ್ರಬಂಧದ ಭಾಷೆಗೆ ತಿರುಗಿಸಿದರೆ ವಿನಯದಿಂದಲೇ ಹಿಂದಕ್ಕೆ ತಿರುಗಿಸಿ.

ವಿಜ್ಞಾನಿಗಳಿಗೆ ಪತ್ರ ಬರೆಯುವಾಗ ‘ನಿಮ್ಮ ಸಂಶೋಧನೆಯ ಬಗ್ಗೆ ತಿಳಿಸಿ’ ಅಂತ ಬರೆಯಬೇಡಿ, ಉತ್ತರ ಬರುವುದಿಲ್ಲ. ಅವರ ಒಂದು ಪ್ರಬಂಧ ಓದಿ, ಅರ್ಥವಾಗದ ಮೂರು ಜಾಗ ಗುರುತಿಸಿ, ಆ ಮೂರನ್ನೇ ಕೇಳಿ.

ಇನ್ನು ಪದಗಳು. ನಿಘಂಟಿಗೆ ಕೈ ಹಾಕುವ ಮೊದಲು ನವೆಂಬರಿನಲ್ಲಿ ಜಿಕೆವಿಕೆಯ ಕೃಷಿಮೇಳಕ್ಕೆ ಹೋಗಿ, ರೈತರ ಜೊತೆ ಅರ್ಧ ದಿನ ಕಳೆಯಿರಿ. ರಾಗಿಗೆ ಬರುವ ‘ಬ್ಲಾಸ್ಟ್’ ಅವರ ಬಾಯಲ್ಲಿ ಬೆಂಕಿ ರೋಗ. ಅದನ್ನು ತಡೆದುಕೊಳ್ಳುವ ಜಿಪಿಯು 28 ತಳಿ ಬಂದದ್ದು ಇದೇ ಆವರಣದಿಂದ. ‘ಲೇಡಿಬರ್ಡ್’ ಅವರಿಗೆ ಗುಲಗಂಜಿ ಹುಳು. ಹೆಸರು ಕೇಳಿದರೇ ಕೆಂಪು-ಕಪ್ಪು ಬಣ್ಣ ಕಣ್ಣಿಗೆ ಬರುತ್ತದೆ, ವಿವರಣೆಯ ಒಂದು ಸಾಲು ಉಳಿಯಿತು. ಹಾಗೆಂದು ಎಲ್ಲಕ್ಕೂ ಕನ್ನಡ ಪದ ಟಂಕಿಸುವ ಹಟ ಬೇಡ, ಪ್ರೋಟೀನು ಪ್ರೋಟೀನೇ ಆಗಿರಲಿ.

ನಮ್ಮ ಹಿರಿಯರಿಗೂ ಯಾರೂ ಅನುಭವದ ಸರ್ಟಿಫಿಕೇಟು ಕೊಟ್ಟಿರಲಿಲ್ಲ. 1918ರಲ್ಲಿ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ ‘ವಿಜ್ಞಾನ’ ಪತ್ರಿಕೆ ತಂದಾಗ ಕನ್ನಡದಲ್ಲಿ ಅಂಥದ್ದು ಇನ್ನೊಂದು ಇರಲಿಲ್ಲ. ಪತ್ರಿಕೆ ಹೆಚ್ಚು ವರ್ಷ ನಡೆಯಲಿಲ್ಲ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ್ದರಿಂದ ಹುಟ್ಟಿದ ಪುಸ್ತಕ. ನಿಮ್ಮ ಕಾಲೇಜಿನ ಬಾಟನಿ ಪ್ರವಾಸದಲ್ಲೂ ಯಾರಾದರೂ ಟಿಪ್ಪಣಿ ಬರೆದುಕೊಳ್ಳುತ್ತಾರೆಯೇ?

ಬರೆದದ್ದನ್ನು ಎಲ್ಲಿಗೆ ಕಳಿಸುವುದು? ಮೊದಲು ಕಾಲೇಜಿನ ಗೋಡೆ ಪತ್ರಿಕೆಗೆ. ಪಕ್ಕದಲ್ಲಿ ನಿಂತು ಯಾರು ಯಾವ ಸಾಲಿನಲ್ಲಿ ಓದು ಬಿಟ್ಟು ಹೊರಟರು ಎಂದು ನೋಡಬಹುದು, ದೊಡ್ಡ ಪತ್ರಿಕೆಗಳ ಲೇಖಕರಿಗೆ ಈ ಭಾಗ್ಯ ಇಲ್ಲ. ಆಮೇಲೆ 1978ರಿಂದ ಬರುತ್ತಿರುವ ಮಕ್ಕಳ ಪತ್ರಿಕೆ ‘ಬಾಲವಿಜ್ಞಾನ’ವನ್ನು ಪ್ರಯತ್ನಿಸಿ. ಮಕ್ಕಳಿಗೆ ಬರೆಯುವುದು ಸುಲಭ ಅಂದುಕೊಂಡರೆ ಮೋಸ ಹೋಗುತ್ತೀರಿ. ಕನ್ನಡ ವಿಕಿಪೀಡಿಯದಲ್ಲಿ ಒಂದು ಲೇಖನ ತಿದ್ದಿದರೂ ಪ್ರತಿ ಮಾತಿಗೆ ಆಧಾರ ಕೊಡುವ ಅಭ್ಯಾಸ ಆಗುತ್ತದೆ. ಇಂಥವು ನಾಲ್ಕು ಕೈಯಲ್ಲಿದ್ದರೆ, ಇಂಟರ್ನ್‌ಶಿಪ್ಪಿನವರು ‘ಅನುಭವ?’ ಅಂದಾಗ ಮೇಜಿನ ಮೇಲೆ ಇಡಲು ಏನೋ ಇರುತ್ತದೆ.

ಸಂಭಾವನೆಯ ಮಾತು ನೀವು ಎತ್ತಿಲ್ಲ, ನಾನೂ ಎತ್ತುವುದಿಲ್ಲ. ಜಕ್ಕೂರಿಗೆ ಬಿಎಂಟಿಸಿ ಬಸ್ಸಿನಲ್ಲಿ ಹೋಗಿ, ಶಕ್ತಿ ಯೋಜನೆಯಲ್ಲಿ ನಿಮಗೆ ಟಿಕೆಟ್ಟು ಉಚಿತ. ಆಧಾರ್ ಕಾರ್ಡ್ ಮರೆಯಬೇಡಿ.