ಖಾಲಿ ಮನೆಯೂ ಸೊನ್ನೆಯೂ

ಪರೀಕ್ಷೆಗೆ ಬಾರದವರಿಗೂ ಬಂದು ಸೊನ್ನೆ ಪಡೆದವರಿಗೂ ವ್ಯತ್ಯಾಸವಿದೆಯಷ್ಟೆ? ಕಂಪ್ಯೂಟರಿನ ಎಕ್ಸೆಲ್ ಹಾಳೆಗೆ ಈ ವ್ಯತ್ಯಾಸವನ್ನು ನಾವೇ ತಿಳಿಸಿಕೊಡಬೇಕು.

ಹಾಳೆಯ ಒಂದೊಂದು ಚೌಕವನ್ನು ‘ಮನೆ’ ಎನ್ನೋಣ. ಮೊದಲನೆಯ ಹಾಳೆಯಲ್ಲಿ ಒಬ್ಬ ವಿದ್ಯಾರ್ಥಿನಿಯ ಅಂಕಗಳಿವೆ: ಬಿ2 ಮನೆಯಲ್ಲಿ 60, ಸಿ2ರಲ್ಲಿ 70. ಜ್ವರದಿಂದ ಮೂರನೆಯ ಪರೀಕ್ಷೆಗೆ ಬಾರದ ಕಾರಣ ಡಿ2 ಖಾಲಿ. ಸರಾಸರಿ 65. ಈಗ ಎರಡನೆಯ ಹಾಳೆಯಲ್ಲಿ =ಶೀಟ್1!ಡಿ2 ಎಂದು ಬರೆದು ಜೋಡಿಸಿದರೆ ಅಲ್ಲಿ 0 ಕಾಣಿಸುತ್ತದೆ. ಆ ಸೊನ್ನೆಯೂ ಎಣಿಕೆಗೆ ಸೇರಿ, 130ನ್ನು 3ರಿಂದ ಭಾಗಿಸಿದಂತಾಗಿ ಸರಾಸರಿ 43.33ಕ್ಕೆ ಇಳಿಯುತ್ತದೆ. ತಪ್ಪು ಹುಡುಗಿಯದಲ್ಲ, ಜೋಡಣೆಯದು.

ಪರಿಹಾರ ಸುಲಭ: =ಐಎಫ್(ಶೀಟ್1!ಡಿ2="","",ಶೀಟ್1!ಡಿ2). ಅಕ್ಷರಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಒತ್ತಬೇಕು. ಇದರ ಅರ್ಥವಿಷ್ಟೆ: ಅಲ್ಲಿ ಖಾಲಿಯಿದ್ದರೆ ಇಲ್ಲಿಯೂ ಖಾಲಿ ತೋರಿಸು, ಇಲ್ಲವಾದರೆ ಅಲ್ಲಿರುವುದನ್ನೇ ತೋರಿಸು.

ಒಂದು ಎಚ್ಚರಿಕೆ: ಹೀಗೆ ಖಾಲಿ ಕಾಣುವ ಮನೆಯನ್ನು + ಚಿಹ್ನೆಯಿಂದ ಕೂಡಿಸಹೋದರೆ ದೋಷಸೂಚನೆ ಬರುತ್ತದೆ. ಮನೆಗಳ ಸಾಲನ್ನು ಸಮ್, ಆವರೇಜ್ ಸೂತ್ರಗಳಿಗೆ ಕೊಟ್ಟರೆ ಅವು ಅದನ್ನು ಬಿಟ್ಟು ಲೆಕ್ಕ ಹಾಕುತ್ತವೆ.

ಅಂಕಪಟ್ಟಿಯಲ್ಲಿ ಸೊನ್ನೆ ಕಂಡಾಗ, ಅದು ಪಡೆದ ಸೊನ್ನೆಯೋ ಬಾರದ ದಿನದ ಸೊನ್ನೆಯೋ ಎಂದು ನಾವೆಲ್ಲರೂ ಒಮ್ಮೆ ವಿಚಾರಿಸೋಣ.