ಹೊನ್ನಲೇಪದ ಬೋಧಿಸತ್ತ್ವ: ಚೀನೀ ಕಂಚಿನ ವಿಗ್ರಹಗಳು

ಬುದ್ಧನ ಮೂರ್ತಿಯನ್ನೂ ಬೋಧಿಸತ್ತ್ವನ ಮೂರ್ತಿಯನ್ನೂ ಬೇರ್ಪಡಿಸಿ ಗುರುತಿಸುವುದು ಈ ಪಾಠದ ಮೊದಲ ಹೆಜ್ಜೆ. ಬುದ್ಧನು ಸಾಮಾನ್ಯವಾಗಿ ಸಂನ್ಯಾಸಿಯ ಸರಳ ವಸ್ತ್ರದಲ್ಲಿರುತ್ತಾನೆ. ಬೋಧಿಸತ್ತ್ವನಾದರೋ ಕಿರೀಟ, ಕಂಠಹಾರ, ತೋಳ್ಬಂದಿ, ಉತ್ತರೀಯಗಳನ್ನು ಧರಿಸಿದ ಭಾರತೀಯ ರಾಜಕುಮಾರನಂತೆ ಕಾಣುತ್ತಾನೆ. ಜೀವಿಗಳ ಉದ್ಧಾರಕ್ಕಾಗಿ ಲೋಕದಲ್ಲಿಯೇ ಉಳಿದವನು ಅವನು. ಲೋಕದ ಅಲಂಕಾರ ಅವನಿಗೆ ಸಲ್ಲುತ್ತದೆ. ಕಿರೀಟದಲ್ಲಿ ಅಮಿತಾಭ ಬುದ್ಧನ ಪುಟ್ಟ ರೂಪವಿದ್ದರೆ ಅವನು ಅವಲೋಕಿತೇಶ್ವರ. ಚೀನೀಯರು ಅವನನ್ನು ಗ್ವಾನ್‌ಯಿನ್ ಎಂದು ಕರೆದರು.

ಇಂತಹ ವಿಗ್ರಹಗಳನ್ನು ಕಂಚಿನಲ್ಲಿ ಎರಕ ಹೊಯ್ದು, ಬಳಿಕ ಅವಕ್ಕೆ ಹೊನ್ನಿನ ಲೇಪ ಕೊಡುತ್ತಿದ್ದರು. ಚಿನ್ನವನ್ನು ಪಾದರಸದಲ್ಲಿ ಬೆರೆಸಿ ಮುದ್ದೆ ಮಾಡಿ, ಲೋಹದ ಮೇಲೆ ಸವರಿ ಕಾಯಿಸಿದರೆ, ಪಾದರಸವು ಆವಿಯಾಗಿ ಹೋಗಿ ಚಿನ್ನ ಮಾತ್ರ ಅಂಟಿಕೊಳ್ಳುತ್ತದೆ. ಆ ಆವಿ ವಿಷಕಾರಿ. ವಿಗ್ರಹದ ಹೊಳಪಿನ ಹಿಂದೆ ಕುಶಲಕರ್ಮಿಯ ಉಸಿರಿಗೆ ಒದಗುತ್ತಿದ್ದ ಅಪಾಯವನ್ನು ವಿದ್ಯಾರ್ಥಿಗಳ ಗಮನಕ್ಕೆ ತರಬೇಕು.

ಅನೇಕ ಪುಟ್ಟ ವಿಗ್ರಹಗಳ ಪೀಠದಲ್ಲಿ ಬರಹವಿರುತ್ತದೆ: ಮಾಡಿಸಿದ ವರ್ಷ, ಮಾಡಿಸಿದವರ ಹೆಸರು, ತಂದೆತಾಯಿಗಳಿಗೆ ಪುಣ್ಯ ಲಭಿಸಲೆಂಬ ಹಾರೈಕೆ. ಆದುದರಿಂದ ಇವು ಕಲಾಕೃತಿಗಳು ಮಾತ್ರವಲ್ಲ, ಸಾಮಾನ್ಯ ಕುಟುಂಬಗಳ ದಾಖಲೆಗಳೂ ಹೌದು.

ಈ ದಾಖಲೆಗಳಿಗೆ ಅವುಗಳ ಲೋಹವೇ ಮುಳುವಾಯಿತು. ಕ್ರಿ.ಶ. 845ರಲ್ಲಿ ತಾಂಗ್ ವಂಶದ ಚಕ್ರವರ್ತಿ ವುಜೋಂಗನು ಬೌದ್ಧಧರ್ಮವನ್ನು ದಮನ ಮಾಡಿದನು. ಅವನ ರಾಜಾಜ್ಞೆಯೇ ಹೇಳುವಂತೆ 4,600 ವಿಹಾರಗಳು ನಾಶವಾದವು. 2,60,500 ಭಿಕ್ಷು ಭಿಕ್ಷುಣಿಯರು ಗೃಹಸ್ಥರಾಗಬೇಕಾಯಿತು. ಕಂಚಿನ ವಿಗ್ರಹಗಳನ್ನು ಕರಗಿಸಿ ನಾಣ್ಯ ಮಾಡಬೇಕು, ಕಬ್ಬಿಣದವನ್ನು ಬೇಸಾಯದ ಉಪಕರಣ ಮಾಡಬೇಕು, ಚಿನ್ನ ಬೆಳ್ಳಿಯವನ್ನು ಬೊಕ್ಕಸಕ್ಕೆ ಸೇರಿಸಬೇಕು ಎಂದು ಆಜ್ಞೆಯಾಯಿತು. ಗಣ್ಯರ ಮನೆಗಳಲ್ಲಿದ್ದ ಲೋಹದ ವಿಗ್ರಹಗಳನ್ನು ಒಂದು ತಿಂಗಳೊಳಗೆ ಒಪ್ಪಿಸಬೇಕಾಗಿತ್ತು. ಮಣ್ಣು, ಮರ, ಕಲ್ಲಿನ ವಿಗ್ರಹಗಳಿಗೆ ಮಾತ್ರ ವಿನಾಯಿತಿ. ಮರುವರ್ಷ ಚಕ್ರವರ್ತಿಯು ತೀರಿಕೊಂಡನು, ದಮನವೂ ನಿಂತಿತು. ಆದರೆ ನಾಣ್ಯವಾದ ಮೂರ್ತಿ ಮರಳಿ ಮೂರ್ತಿಯಾಗಲಿಲ್ಲ. ಇಂದು ಸಂಗ್ರಹಾಲಯದಲ್ಲಿ ಕಾಣುವ ಅಂಗೈಯಗಲದ ಬೋಧಿಸತ್ತ್ವನು ಬೆಂಕಿಯಿಂದ ತಪ್ಪಿಸಿಕೊಂಡ ಕೆಲವರಲ್ಲಿ ಒಬ್ಬ.

ತರಗತಿಯ ಅಭ್ಯಾಸಕ್ಕೆ

1. ಬುದ್ಧ ಮತ್ತು ಬೋಧಿಸತ್ತ್ವರ ಚಿತ್ರಗಳನ್ನು ತೋರಿಸಿ, ಭೇದಗಳನ್ನು ವಿದ್ಯಾರ್ಥಿಗಳಿಂದಲೇ ಹೇಳಿಸಿರಿ.
2. ಎರಕ, ಪಾದರಸ, ಪೀಠ, ಬೊಕ್ಕಸ: ಈ ಪದಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಲು ಹೇಳಿರಿ.
3. ತಂದೆತಾಯಿಗಳ ಹೆಸರಿನಲ್ಲಿ ಮಾಡಿಸಿದ ವಿಗ್ರಹವನ್ನು ಅಧಿಕಾರಿಗೆ ಒಪ್ಪಿಸಬೇಕಾದ ಮಗಳು ಏನನ್ನು ಯೋಚಿಸಿರಬಹುದು? ಹತ್ತು ವಾಕ್ಯಗಳಲ್ಲಿ ಬರೆಯಿಸಿರಿ.