ಫಿಲ್ಮು ಆಮೇಲೆ ನೋಡಿದರಾಯ್ತು

ಚಳ್ಳಕೆರೆಗೆ ಡಾಕ್ಟರಾಗಿ ಹೊಸದಾಗಿ ಬಂದಿದ್ದೀಯ. ಕೈ ಚುರುಕು, ಓದೂ ಚೆನ್ನಾಗಿದೆ. ಅವಸರ ಮಾತ್ರ ಜಾಸ್ತಿ ಕಣಮ್ಮ. ಕುಂಟುತ್ತಾ ಬಂದ ಹುಡುಗ ಬೆಂಚಿನ ಮೇಲೆ ಕೂರೋಕೆ ಮುಂಚೆಯೇ ಎಕ್ಸ್-ರೇ ಚೀಟಿ ಹರಿದುಕೊಟ್ಟಿರುತ್ತೀಯ!

ಮಂಡಿ ನೋವು ಅಂತ ಬಂದ ಮಗುವಿನ ಸೊಂಟದ ಕೀಲನ್ನು ತಿರುಗಿಸಿ ನೋಡದೆ ಕಳಿಸಬೇಡ. ಕೀಲಿನ ನೋವು ನರದ ದಾರಿ ಹಿಡಿದು ಮಂಡಿಗೆ ಇಳಿಯುತ್ತೆ. ನೀನು ಮಂಡಿಗೆ ಬ್ಯಾಂಡೇಜು ಸುತ್ತಿದರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. 4ರಿಂದ 8 ವರ್ಷದವರಲ್ಲಿ ಪರ್ಥಿಸ್ ಕಾಯಿಲೆ, 10 ದಾಟಿದ ದಪ್ಪ ಮಕ್ಕಳಲ್ಲಿ ತೊಡೆಮೂಳೆಯ ತಲೆ ಜಾರುವುದು ಹೀಗೇ ಏಮಾರಿಸುತ್ತವೆ. ಜ್ವರ ಇದೆ, ಕಾಲೂರೋಕೆ ಒಲ್ಲದು ಅಂದರೆ ಕೀಲಲ್ಲಿ ಕೀವು ಅಂತಲೇ ತಿಳಿದು ಅವತ್ತೇ ಚಿತ್ರದುರ್ಗಕ್ಕೆ ಕಳಿಸು. ಮೊಳಕಾಲ್ಮೂರು ಕಡೆಯವರಿಗೆ ಬಳ್ಳಾರಿ ಹತ್ತಿರ. ಇವೆಲ್ಲ ನಿನಗೆ ಗೊತ್ತು. ಇವು ಯಾವುವೂ ಅಲ್ಲದಿದ್ದಾಗ?

ಆಗ ನೋವನ್ನು ಫ್ಲೋರೈಡ್ ನೀರಿನ ತಲೆಗೆ ಕಟ್ಟಿಬಿಡೋದು ಈ ಸೀಮೆಯ ಚಾಳಿ. ನೀರಲ್ಲಿ ಫ್ಲೋರೈಡ್ ಇರೋದು ನಿಜ, ಮಕ್ಕಳ ಹಲ್ಲು ಕಂದಿರೋದೂ ನಿಜ. ಆದರೆ ಊರೆಲ್ಲ ಕುಡಿಯೋ ನೀರು ಒಬ್ಬನ ಒಂದೇ ಕಾಲನ್ನು ಹುಡುಕಿಕೊಂಡು ಬಂತೇ?

ತೊಡೆ ಮಡಿಚಿಕೊಂಡೇ ಮಲಗಿದ ಮಗು ನೋಡು. ಮಡಿಚಿದ ಹಾಗೇ ತಿರುಗಿಸಿದರೆ ಸುಮ್ಮನಿದ್ದು, ಕಾಲು ಚಾಚಿಸಿದಾಗ ಕಿರುಚಿದರೆ ಕೀಲು ಬಿಟ್ಟು ಹೊಟ್ಟೆಯ ಹಿಂದಿನ ಸೋವಾಸ್ ಸ್ನಾಯುವಿನಲ್ಲಿ ಕೀವು ಹುಡುಕು, ಸ್ಕ್ಯಾನಿಂಗ್ ಮಾಡಿಸು. ರಾತ್ರಿ ನೋವಿಗೆ ಎದ್ದು ಕೂರುವ, ಬಿಳಿಚಿಕೊಂಡ ಮಗುವಾದರೆ ರಕ್ತದ ಸ್ಮಿಯರ್ ತಡಮಾಡಬೇಡ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ದಾರಿ ಹಿಡಿಯಬೇಕಾದೀತು.

ಇನ್ನು ಹಟ್ಟಿಯ ಕುರಿ ಹುಡುಗ. ಬಿಟ್ಟು ಬಿಟ್ಟು ಜ್ವರ, ಬೆವರು, ತಿಗದ ಮೇಲ್ಗಡೆ ನೋವು. ಫಿಲ್ಮಿನಲ್ಲಿ ಏನೂ ಇಲ್ಲ. ಅಂಗಾತ ಮಲಗಿಸು. ನೋಯುವ ಕಡೆಯ ಪಾದವನ್ನು ಇನ್ನೊಂದು ಮಂಡಿಯ ಮೇಲಿಟ್ಟು, ಮಡಿಚಿದ ಮಂಡಿಯನ್ನು ಮೆಲ್ಲಗೆ ಕೆಳಕ್ಕೊತ್ತು. ತೊಡೆಸಂದು ಹಿಡಿದುಕೊಂಡರೆ ಕೀಲು. ಕೈ ಹಿಂದಕ್ಕೆ ಹೋಗಿ ಬೆನ್ನ ಬುಡ ತೋರಿಸಿದರೆ, ಬೆನ್ನುಮೂಳೆ ಸೊಂಟಕ್ಕೆ ಕೂಡುವ ಸಂದು. ಆಗ ಕೇಳು: ನೊರೆಹಾಲು ಕುಡೀತೀಯೇನಪ್ಪಾ? ಕುರಿ ಕಂದು ಹಾಕಿದಾಗ ಎತ್ತಿ ಬಿಸಾಕಿದ್ದು ಯಾರು? ಅವರಮ್ಮ ಬಾಯಿ ತೆರೆಯೋಕೆ ಮುಂಚೆ 'ನಾನೇ!' ಅಂತ ಹೆಮ್ಮೆಯಿಂದ ಅಂದಾನು. ಹಾಗೆ ಕುರಿಯಿಂದ ಅಂಟುವ ಬ್ರುಸೆಲ್ಲಾ ಪರೀಕ್ಷೆಗೆ ರಕ್ತ ಕಳಿಸು. ಚೀಟಿಯ ಮೇಲೆ ನಿನ್ನ ಅನುಮಾನವನ್ನೂ ಬರಿ. ಲ್ಯಾಬಿನವರಿಗೂ ಅಂಟುವ ಕಾಯಿಲೆ ಅದು.

ಅದಕ್ಕೆ ರಿಫಾಂಪಿಸಿನ್ ಔಷಧಿ ಶುರು ಮಾಡೋಕೆ ಮುಂಚೆ ಕ್ಷಯ ಅಲ್ಲ ಅಂತ ಖಾತ್ರಿ ಮಾಡಿಕೋ, ಇಲ್ಲದಿದ್ದರೆ ಅದು ಅರ್ಧಂಬರ್ಧ ಅಡಗಿ ಕೂತುಬಿಡುತ್ತೆ. ಬ್ರುಸೆಲ್ಲಾಕ್ಕೆ ಒಂದೇ ಔಷಧಿ ಸಾಲದು, ಎರಡು ಬೇಕು, ಅದೂ ಕನಿಷ್ಠ 6 ವಾರ. ಜ್ವರ ಇಳಿದ ಮೇಲೆ ಗುಳಿಗೆ ಯಾರಿಗೆ ನೆನಪಿರುತ್ತೆ? ಮೇವು ಮುಗಿದರೆ ಮಂದೆ ಹೊರಡುತ್ತೆ, ಹುಡುಗನೂ ಹೊರಡುತ್ತಾನೆ. ಯಾವಾಗ ಹೊರಡ್ತೀರಿ ಅಂತ ಕೇಳಿ ಅಷ್ಟನ್ನೂ ಕಟ್ಟಿಕೊಡು. ಮನೇಲಿ ಇನ್ಯಾರಿಗೆ ಜ್ವರ ಅಂತಲೂ ಕೇಳು. ಒಂದೇ ಚೆಂಬಿನ ಹಾಲು ಕುಡಿದವರು ಅವರೆಲ್ಲ.